ದಾರಿಗೆ ಬೆಲೆ ಕಾಡೇ?

ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಆಸ್ಟ್ರೇಲಿಯಾದ ನೆತ್ತಿಯ ಮೇಲೆ ಹಕ್ಕಿಯೊಂದು ಕುಳಿತಂತೆ ಕಾಣುವ ದ್ವೀಪವಿದೆ. ಅದೇ ನ್ಯೂಗಿನಿ. ಅದರ ಮೂಡಣ ಅರ್ಧ 1975ರ ಸೆಪ್ಟೆಂಬರ್ 16ರಂದು ಪಪುವಾ ನ್ಯೂಗಿನಿ ಎಂಬ ಸ್ವತಂತ್ರ ದೇಶವಾಯಿತು. ಪೇಟೆಯ ಪತ್ರಿಕೆಗಳಲ್ಲಿ ಈ ದೇಶ ಕಾಣಿಸಿಕೊಳ್ಳುವುದು ಗರಿ ಮುಡಿದು ಕುಣಿಯುವ ಜನರ ಚಿತ್ರವಾಗಿ ಮಾತ್ರ. "ಪಾಪ, ಕಾಡುಜನ" ಎಂದು ಪುಟ ತಿರುವುವುದು ಓದುಬಲ್ಲವರ ವಾಡಿಕೆ. ಈ "ಕಾಡುಜನ" ತಮ್ಮ ನೆಲ ಕಿತ್ತುಕೊಳ್ಳಲು ಬಂದವರನ್ನು ಎರಡು ಸಲ ನ್ಯಾಯಾಲಯದಲ್ಲಿ ಸೋಲಿಸಿದ ಸಂಗತಿಯನ್ನು ಹೇಳುವವರು ಕಡಮೆ. ಅದನ್ನು ಹೇಳಿ, ಅದರಿಂದ ಏಳುವ ಒಂದು ಪ್ರಶ್ನೆಯನ್ನು ಓದುಗರ ಮುಂದಿಡುವುದು ನಮ್ಮ ಉದ್ದೇಶ.

ಆ ದೇಶದ ಓರೋ ಪ್ರಾಂತದಲ್ಲಿ ಕಾಲಿಂಗ್‌ವುಡ್ ಕೊಲ್ಲಿ ಎಂಬ ಕರಾವಳಿ ಇದೆ. ಹಿಂದೆ 3,600 ಮೀಟರಿಗೂ ಮಿಗಿಲಾದ ಸಕ್ಲಿಂಗ್ ಪರ್ವತ; ಮುಂದೆ ಸಮುದ್ರ; ನಡುವೆ ದಟ್ಟ ಕಾಡು. ಕೊಲ್ಲಿಯ ದಡದ ಉಯಾಕು ಮೊದಲಾದ ಹಳ್ಳಿಗಳಲ್ಲಿ ಮೈಸಿನ್ ಎಂಬ ಜನ ವಾಸವಾಗಿದ್ದಾರೆ. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಮನೆ, ಗರಿಯ ಮಾಡು. ಕೆಸುವಿನ ಗಡ್ಡೆ, ಗೆಣಸು, ಬಾಳೆ, ತೆಂಗು, ಕಡಲಿನ ಮೀನು, ಕಾಡಿನ ಬೇಟೆ ಇವು ಅವರ ಊಟ. ಅಡಿಕೆ ಮತ್ತು ಸುಣ್ಣ ಅವರ ಬಾಯಲ್ಲೂ ಇದೆ. ಬಂದವರಿಗೆ ಅಡಿಕೆ ಕೊಡುವ ಮರ್ಯಾದೆಯನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು ಆಸ್ತಿಯ ಮಾತು. ದೇಶದ ನೆಲದಲ್ಲಿ ನೂರಕ್ಕೆ 97 ಪಾಲು ಪರಂಪರೆಯ ಒಡೆತನದಲ್ಲಿದೆ ಎಂಬುದು ಬಹುಕಾಲದಿಂದ ಬಂದ ಲೆಕ್ಕ. ಅಂದರೆ ನೆಲ ಒಬ್ಬನದಲ್ಲ, ಕುಲದ್ದು. ಹಾಗೆಂದು ಅದು ದಿಕ್ಕಿಲ್ಲದ ಆಸ್ತಿಯಲ್ಲ. ಯಾವ ಹಳ್ಳದಿಂದ ಯಾವ ಮರದವರೆಗೆ ಯಾವ ಕುಲದ ನೆಲ ಎಂಬುದು ಹಿರಿಯರ ನಾಲಗೆಯ ಮೇಲಿದೆ. ಮನೆಮಂದಿ ಕುಲದ ನೆಲದಲ್ಲಿ ಒಂದು ತುಂಡು ಕಾಡು ಸವರಿ ಕೆಸು ಹಾಕುತ್ತಾರೆ. ಒಂದೆರಡು ಬೆಳೆಯಾದ ಮೇಲೆ ಅದನ್ನು ಬಿಟ್ಟು ಬೇರೆಡೆಗೆ ಹೋಗುತ್ತಾರೆ. ವರ್ಷಗಟ್ಟಲೆ ಬೀಡುಬಿಟ್ಟ ನೆಲದಲ್ಲಿ ಮತ್ತೆ ಮರ ಏಳುತ್ತದೆ, ಸಾರ ಕೂಡುತ್ತದೆ. ಸರ್ವೆ ಮಾಡಲು ಬಂದವನ ಕಣ್ಣಿಗೆ ಅದು ಬರಿಯ ಕಾಡು. ಊರವರ ಲೆಕ್ಕದಲ್ಲಿ ಅದು ಮಕ್ಕಳು ಮೊಮ್ಮಕ್ಕಳ ಹೊಲ.

ಅಲ್ಲಿನ ಹೆಂಗಸರು ಒಂದು ಜಾತಿಯ ಗಿಡದ ಒಳತೊಗಟೆಯನ್ನು ಬಡಿದು ಬಡಿದು ಬಟ್ಟೆ ಮಾಡಿ, ಅದರ ಮೇಲೆ ಕಪ್ಪು ಕೆಂಪು ಬಣ್ಣದಲ್ಲಿ ಚಿತ್ತಾರ ಬರೆಯುತ್ತಾರೆ. ಟಾಪಾ ಎಂದು ಇದಕ್ಕೆ ಹೆಸರು. ಸಾಮಾನ್ಯ ಚಿತ್ತಾರವನ್ನು ಯಾರೂ ಬರೆಯಬಹುದು; ಆದರೆ ಕೆಲವು ಚಿತ್ತಾರ ಒಂದೊಂದು ಕುಲದ ಸ್ವತ್ತು, ಬೇರೆ ಕುಲದವರು ಮುಟ್ಟುವಂತಿಲ್ಲ. ಬಟ್ಟೆಯ ಮೇಲಿನ ಗೆರೆಗೂ ಒಡೆತನ ಗುರುತಿಸುವ ಜನರಿಗೆ ನೆಲದ ಒಡೆತನ ತಿಳಿಯದು ಎಂದು ಹೇಳಲು ಎಷ್ಟು ಧೈರ್ಯ ಬೇಕು! ಆದರೂ ಹೇಳಿದರು. ಬ್ರಿಟಿಷರು 1884ರಲ್ಲಿ ಪಪುವಾವನ್ನು ತಮ್ಮ ರಕ್ಷಣೆಗೆ ತೆಗೆದುಕೊಂಡರು. 1906ರಲ್ಲಿ ಅದು ಆಸ್ಟ್ರೇಲಿಯಾದ ಕೈಗೆ ಹೋಯಿತು. ಆ ಆಡಳಿತದ ಕಾನೂನಿನಲ್ಲಿ "ಪಾಳು ಮತ್ತು ಖಾಲಿ" ನೆಲ ಎಂಬ ಮಾತಿತ್ತು. ಖಾಲಿ ಎಂದು ಬರೆದರೆ ಸಾಕು, ನೆಲ ಸರಕಾರದ್ದಾಗಬಹುದು.

ಹೀಗೆಂದ ಮಾತ್ರಕ್ಕೆ ಈ ಹಳ್ಳಿಗಳನ್ನು ನಾವು ಸ್ವರ್ಗವೆಂದು ಬಣ್ಣಿಸಲಾರೆವು. ಹೊಲದ ನಿತ್ಯದ ದುಡಿತ, ಸೌದೆ, ನೀರು, ಅಡಿಗೆ ಎಲ್ಲದರ ಭಾರ ಹೆಚ್ಚಾಗಿ ಹೆಂಗಸರ ಬೆನ್ನಿನ ಮೇಲಿದೆ. ಊರಸಭೆಯಲ್ಲಿ ಮಾತು ಹೆಚ್ಚಾಗಿ ಗಂಡಸರದು. ಕೆಸು ಹೊಟ್ಟೆ ತುಂಬಿಸೀತು, ಮಲೇರಿಯಾಕ್ಕೆ ಮದ್ದಾಗಲಾರದು. ಶಾಲೆಯ ಶುಲ್ಕ, ಸಾಬೂನು, ಸೀಮೆಎಣ್ಣೆಗೆ ರೊಕ್ಕವೇ ಬೇಕು. ಆ ರೊಕ್ಕ ಬರುವುದು ಟಾಪಾ ಮಾರಿದ್ದರಿಂದ, ಇಲ್ಲವೆ ಪಟ್ಟಣದಲ್ಲಿ ಕೆಲಸಕ್ಕಿರುವ ಮಕ್ಕಳು ಕಳಿಸಿದ್ದರಿಂದ.

ಎಲ್ಲಕ್ಕಿಂತ ದೊಡ್ಡ ಸಂಕಟ ಪ್ರಯಾಣದ್ದು. ರಾಜಧಾನಿ ಪೋರ್ಟ್ ಮೋರ್ಸ್‌ಬಿಗೂ ಈ ಕರಾವಳಿಗೂ ನಡುವೆ ಓವನ್ ಸ್ಟಾನ್ಲಿ ಪರ್ವತಶ್ರೇಣಿ ಅಡ್ಡ ಬಿದ್ದಿದೆ. ಅದನ್ನು ದಾಟಿ ಬರುವ ಮೋಟಾರು ರಸ್ತೆ ಇಲ್ಲ. ವಾನಿಗೆಲಾದಲ್ಲಿ, ಟೂಫಿಯಲ್ಲಿ ಸಣ್ಣ ವಿಮಾನ ಇಳಿಯುವ ಬಯಲಿದೆ. ಅದರ ಟಿಕೇಟಿನ ಹಣ ಕೆಸು ಬೆಳೆಯುವವನ ಕೈಗೆ ಎಟುಕದು. ಉಳಿದದ್ದು ಕಡಲು. ಒಂದು ಬದಿಗೆ ತೊಲೆ ಕಟ್ಟಿದ ಮರದ ದೋಣಿ, ಅಥವಾ ಹಿಂದೆ ಯಂತ್ರ ಕಟ್ಟಿದ ಡಿಂಗಿ. ಡಿಂಗಿಗೆ ಪೆಟ್ರೋಲು ಬೇಕು. ಆ ಪೆಟ್ರೋಲೂ ಕಡಲ ಮೇಲೆಯೇ ಬರಬೇಕು. ಗಾಳಿ ಎದ್ದ ದಿನ ದೋಣಿ ಹೊರಡದು. ಹೆರಿಗೆ ನೋವು ಗಾಳಿ ತಗ್ಗುವ ತನಕ ಕಾಯುವುದಿಲ್ಲ.

ಆ ದೇಶದ ಕಡಲ ಪಯಣ ಎಂಥದೆಂಬುದಕ್ಕೆ 2012ರ ಫೆಬ್ರುವರಿ 2 ಸಾಕ್ಷಿ. ಅಂದು ಕಿಂಬೆಯಿಂದ ಲಾಯೆಗೆ ಹೊರಟಿದ್ದ 'ರಬಾಲ್ ಕ್ವೀನ್' ಎಂಬ ಹಡಗು ಮಿತಿಮೀರಿ ಜನ ತುಂಬಿಕೊಂಡು ಮುಳುಗಿತು. ನೂರಕ್ಕೂ ಹೆಚ್ಚು ಮಂದಿ ನೀರುಪಾಲಾದರು. ಓರೋ ಪ್ರಾಂತದಲ್ಲಿ ಇದ್ದಬದ್ದ ರಸ್ತೆಯ ಕಥೆಯೂ ಬೇರೆಯಲ್ಲ. 2007ರ ನವೆಂಬರಿನಲ್ಲಿ ಗುಬಾ ಚಂಡಮಾರುತದ ನೆರೆಗೆ ಸೇತುವೆಗಳು ಕೊಚ್ಚಿಹೋದವು. ಮತ್ತೆ ಕಟ್ಟಲು ಸರಕಾರಕ್ಕೆ ವರ್ಷಗಟ್ಟಲೆ ಹಿಡಿಯಿತು.

ಬಂಡವಾಳಗಾರನು ಬಂದು ನಿಲ್ಲುವುದು ಈ ಜಾಗದಲ್ಲಿಯೇ. ಅವನು ಕೋವಿ ತರುವುದಿಲ್ಲ, ನಕ್ಷೆ ತರುತ್ತಾನೆ. "ಮರ ಕೊಡಿ, ರಸ್ತೆ ಕೊಡುತ್ತೇವೆ. ನೆಲ ಕೊಡಿ, ಆಸ್ಪತ್ರೆ ಕಟ್ಟುತ್ತೇವೆ" ಎಂಬುದು ಅವನ ಮಾತು. ಈ ಮಾತಿಗೆ ಬೆಲೆಯಿದೆ ಎಂದು ಒಂದು ಕಾಲಕ್ಕೆ ಮೈಸಿನ್ ಜನರಿಗೂ ಅನ್ನಿಸಿತ್ತು. 1980ರ ದಶಕದಲ್ಲಿ ಅವರಲ್ಲೇ ಹಲವರು ಮರ ಕಡಿಸಲು ಒಲವು ತೋರಿದ್ದರು. ಅವರನ್ನು ನಾವು ದೂರುವುದಿಲ್ಲ. ಮಗುವಿನ ಜ್ವರ ಇಳಿಸಲು ದೋಣಿಯಲ್ಲಿ ದಿನಗಟ್ಟಲೆ ಅಲೆದವನಿಗೆ ರಸ್ತೆ ಎಂಬ ಮಾತು ಸಿಹಿಯಾಗಿಯೇ ಕೇಳುತ್ತದೆ. ಆಮೇಲೆ ಕೂತು ಯೋಚಿಸಿದರು, ಊರೂರಲ್ಲಿ ಸಭೆ ನಡೆಸಿದರು, ಬೇಡವೆಂದು ತೀರ್ಮಾನಿಸಿದರು.

ಬೇಡವೆಂದವರ ನೆಲಕ್ಕೆ ಕಾಗದದ ದಾರಿ ಹುಡುಕಲಾಯಿತು. ಆ ದೇಶದ 1996ರ ಭೂಕಾಯಿದೆಯಂತೆ ಸರಕಾರವು ಕುಲದವರಿಂದ ನೆಲವನ್ನು ಗೇಣಿಗೆ ಪಡೆದು ಮತ್ತೊಬ್ಬರಿಗೆ ಗೇಣಿಗೆ ಕೊಡಬಹುದಾಗಿತ್ತು. ಅವಧಿ 99 ವರ್ಷದವರೆಗೆ. ಅಷ್ಟು ಕಾಲ ಕುಲದ ಹಕ್ಕು ಅಮಾನತು. ಇಂದು ಹುಟ್ಟಿದ ಕೂಸು ತನ್ನ ನೆಲವನ್ನು ಮತ್ತೆ ತನ್ನದೆನ್ನುವ ಮೊದಲೇ ಮಣ್ಣಾಗಿರುತ್ತದೆ! 1990ರ ದಶಕದ ಕೊನೆಗೆ, ಹಳ್ಳಿಯವರನ್ನು ಕೇಳದೆಯೇ, ರಾಜಧಾನಿಯಲ್ಲಿ ಕೊಲ್ಲಿಯ ನೆಲದ ಮೇಲೆ ಇಂಥ ಗೇಣಿ ಪತ್ರ ಹುಟ್ಟಿತು. ಸುದ್ದಿ ತಿಳಿದು ಹಳ್ಳಿಯವರು, ಪಟ್ಟಣದಲ್ಲಿದ್ದ ಅವರ ಓದಿದ ಮಕ್ಕಳು, ಹೊರಗಿನ ಹಿತೈಷಿಗಳು ಒಟ್ಟಾಗಿ ದಾವೆ ಹೂಡಿದರು. 2002ರಲ್ಲಿ ರಾಷ್ಟ್ರೀಯ ನ್ಯಾಯಾಲಯ ಆ ಪತ್ರ ಸಿಂಧುವಲ್ಲವೆಂದಿತು. ಹತ್ತು ವರ್ಷ ಕಳೆಯಿತೋ ಇಲ್ಲವೋ, ತಾಳೆ ಎಣ್ಣೆಯ ತೋಟಕ್ಕೆಂದು ಮತ್ತೆ ಗೇಣಿ, ಈ ಬಾರಿ ಮಲೇಷ್ಯಾದ ಬಂಡವಾಳ. ಕೊಲ್ಲಿಯ ಜನ ಮತ್ತೆ ಕಟ್ಟೆ ಹತ್ತಿದರು. 2014ರಲ್ಲಿ ಆ ಗೇಣಿಗಳೂ ರದ್ದಾದವು.

ಇದು ಒಂದು ಕೊಲ್ಲಿಯ ಕಥೆಯಷ್ಟೇ ಅಲ್ಲ. ಇಂಥ ಗೇಣಿಗಳಲ್ಲಿ ಇಡೀ ದೇಶದ ಸುಮಾರು 50 ಲಕ್ಷ ಹೆಕ್ಟೇರು, ಅಂದರೆ ನೆಲದ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು, ಕೈಬಿಟ್ಟುಹೋಯಿತು. ಗದ್ದಲ ತಾಳಲಾರದೆ ಸರಕಾರ 2011ರಲ್ಲಿ ವಿಚಾರಣಾ ಆಯೋಗ ನೇಮಿಸಿತು. 2013ರಲ್ಲಿ ಬಯಲಾದ ವರದಿಗಳು 42 ಗೇಣಿಗಳನ್ನು ಪರಿಶೀಲಿಸಿದ್ದವು. ನೆಲದೊಡೆಯರ ನಿಜವಾದ ಒಪ್ಪಿಗೆ ಇದ್ದದ್ದು ನಾಲ್ಕಕ್ಕೆ ಮಾತ್ರ. ಎಲ್ಲರಿಗೂ ಮೈಸಿನ್ ಜನರಂತೆ ವಕೀಲರೂ ಓದಿದ ಮಕ್ಕಳೂ ಇರುವುದಿಲ್ಲ. ಅವರ ಗತಿ ಏನು?

ಸಮುದಾಯದ ಒಡೆತನವೇ ಪ್ರಗತಿಗೆ ಅಡ್ಡಿ, ನೆಲ ಚಲಾವಣೆಗೆ ಬಂದರೆ ರಸ್ತೆ ತಾನಾಗಿ ಬರುತ್ತದೆ ಎಂದು ವಾದಿಸುವ ಪಂಡಿತರಿದ್ದಾರೆ. ಅವರನ್ನು ನಾವು ಕೇಳುವುದಿಷ್ಟೆ: ಮರ ಸಾಗಿಸುವವನು ಹಾಕಿದ ರಸ್ತೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಕಡಿದ ಮರವಿರುವಲ್ಲಿಂದ ಹಡಗಿನ ಕಟ್ಟೆಗೆ ಹೋಗುತ್ತದೆ. ಹಳ್ಳಿಯಿಂದ ಆಸ್ಪತ್ರೆಗೆ ಹೋಗಬೇಕೆಂಬ ಕಟ್ಟಳೆ ಅದಕ್ಕಿಲ್ಲ. ಮರ ಮುಗಿದ ದಿನ ರಸ್ತೆಯ ಯಜಮಾನನೂ ಇಲ್ಲ, ರಿಪೇರಿಯೂ ಇಲ್ಲ.

ದಾರಿ, ಮದ್ದು, ಶಾಲೆ ಇವು ಸರಕಾರ ಪ್ರಜೆಗೆ ಕೊಡಬೇಕಾದ ಬಾಕಿ. ಆ ಬಾಕಿಯನ್ನು ತಾನು ತೀರಿಸದೆ, ತೀರಿಸುತ್ತೇನೆಂದು ಬಂದ ವ್ಯಾಪಾರಿಗೆ ಪ್ರಜೆಯ ನೆಲವನ್ನೇ ತೋರಿಸಿಕೊಡುವುದು ಯಾವ ನ್ಯಾಯ? ನಾಡಿನ ಸಂಪತ್ತು ಎಲ್ಲರ ಹಿತಕ್ಕಾಗಿ, ಮುಂದಿನ ತಲೆಮಾರಿಗಾಗಿ ಉಳಿಯಬೇಕೆಂದು ಆ ದೇಶದ 1975ರ ಸಂವಿಧಾನವೇ ತನ್ನ ಗುರಿಗಳಲ್ಲಿ ಹೇಳಿಕೊಂಡಿದೆ. ಆ ಮಾತು ನಿಜವಾಗಬೇಕಾದರೆ ಕೊಲ್ಲಿಯ ಹಳ್ಳಿಗಳಿಗೆ ಸರಕಾರದ ಖರ್ಚಿನಲ್ಲಿ ಕ್ರಮವಾಗಿ ಹಡಗು ಬರಬೇಕು. ಬಡವನಿಗೆ ಎಟುಕುವ ದರವಿರಬೇಕು. ದಡದಲ್ಲಿ ಮದ್ದು ಮತ್ತು ದಾದಿ ಇರಬೇಕು. ಟಾಪಾ ಮಾರುವ ಹೆಂಗಸಿಗೆ ನ್ಯಾಯವಾದ ಬೆಲೆ ಸಿಗಬೇಕು. ಇಷ್ಟಾದ ಮೇಲೆ ಬೇಕಾದರೆ ಕಂಪನಿಯವನು ನಕ್ಷೆ ಹಿಡಿದು ಬರಲಿ. ಆಗ ಊರವರು ಬೇಕೆನ್ನಲಿ, ಬೇಡವೆನ್ನಲಿ, ಅದು ಅವರ ಸ್ವಂತ ಮಾತಾಗಿರುತ್ತದೆ. ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೊಟ್ಟ ರುಜುವನ್ನು ಒಪ್ಪಿಗೆಯೆಂದು ನಾವು ಒಪ್ಪಲಾರೆವು.