ಡಿಕ್ರಿ ಬೆಂಗಳೂರಿನದು, ವಸೂಲಿ ಎಲ್ಲಿ?

ಚಿಕ್ಕಪೇಟೆಯ ಸಗಟು ಅಂಗಡಿಗಳ ಬಿಲ್ಲಿನ ತಳದಲ್ಲಿ ಸಣ್ಣ ಅಕ್ಷರಗಳ ಒಂದು ಸಾಲು ಕಾಣಸಿಗುತ್ತದೆ. ವ್ಯಾಜ್ಯವೇನಾದರೂ ಉಂಟಾದರೆ ಅದು ಬೆಂಗಳೂರಿನ ನ್ಯಾಯಾಲಯಗಳ ವ್ಯಾಪ್ತಿಗೆ ಮಾತ್ರ ಒಳಪಟ್ಟಿರುತ್ತದೆ ಎಂಬುದು ಅದರ ಸಾರ. ಕೊಳ್ಳುವವರು ಅದನ್ನು ಓದುವುದಿಲ್ಲ. ಆದರೆ ಹುಬ್ಬಳ್ಳಿಯ ಗಿರಾಕಿ ಹಣ ಕೊಡದೆ ಸತಾಯಿಸತೊಡಗಿದಾಗ ಆ ಸಾಲಿಗೆ ಬೆಲೆ ಬರುತ್ತದೆ. ಬೆಂಗಳೂರಿನಲ್ಲಿ ಡಿಕ್ರಿ ಪಡೆದು, ಅದನ್ನು ಹುಬ್ಬಳ್ಳಿಯ ನ್ಯಾಯಾಲಯಕ್ಕೆ ವರ್ಗಾಯಿಸಿ ಅಮಲ್ಜಾರಿ ಮಾಡಿಸಬಹುದು. ಗಿರಾಕಿ ಇರುವುದು ಆಮ್‌ಸ್ಟರ್‌ಡ್ಯಾಮಿನಲ್ಲಾದರೆ?

ಈ ಪ್ರಶ್ನೆಗೆ ಉತ್ತರವೆಂಬಂತೆ 2005ರ ಜೂನ್ 30ರಂದು ಹೇಗ್ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಒಡಂಬಡಿಕೆ ರೂಪುಗೊಂಡಿತು. ನ್ಯಾಯಾಲಯ ಆಯ್ಕೆಯ ಕರಾರುಗಳನ್ನು ಕುರಿತ ಈ ಒಡಂಬಡಿಕೆಯ ತಿರುಳು ಸರಳ. ವ್ಯಾಪಾರಿಗಳಿಬ್ಬರು ಯಾವ ದೇಶದ ನ್ಯಾಯಾಲಯವನ್ನು ಕರಾರಿನಲ್ಲಿ ಹೆಸರಿಸಿರುತ್ತಾರೋ ಅದು ವ್ಯಾಜ್ಯವನ್ನು ವಿಚಾರಣೆಗೆ ತೆಗೆದುಕೊಳ್ಳಲೇಬೇಕು. ಉಳಿದ ಸದಸ್ಯ ದೇಶಗಳ ನ್ಯಾಯಾಲಯಗಳು ದೂರ ಸರಿಯಬೇಕು. ಹೆಸರಿಸಿದ ನ್ಯಾಯಾಲಯ ಕೊಟ್ಟ ತೀರ್ಪನ್ನು ಸದಸ್ಯ ದೇಶಗಳೆಲ್ಲ ಮಾನ್ಯ ಮಾಡಿ ಜಾರಿಗೊಳಿಸಬೇಕು. ಹತ್ತು ವರ್ಷ ಕಾಗದದಲ್ಲೇ ಉಳಿದಿದ್ದ ಇದು 2015ರ ಅಕ್ಟೋಬರ್ 1ರಂದು ಮೆಕ್ಸಿಕೊ ಮತ್ತು ಯುರೋಪಿಯನ್ ಒಕ್ಕೂಟಗಳ ನಡುವೆ ಜಾರಿಗೆ ಬಂದಿತು. ಮರುವರ್ಷ ಸಿಂಗಪುರ ಸೇರಿತು. ಒಕ್ಕೂಟದಿಂದ ಹೊರಬಂದ ಬ್ರಿಟನ್ ಸ್ವತಂತ್ರ ಸದಸ್ಯನಾಗಿ ಮುಂದುವರಿದಿದೆ. ಸ್ವಿಟ್ಜರ್ಲೆಂಡಿಗೆ ಇದು 2025ರ ಜನವರಿಯಿಂದ ಅನ್ವಯಿಸುತ್ತಿದೆ. ಅಮೆರಿಕ 2009ರಲ್ಲಿ, ಚೀನಾ 2017ರಲ್ಲಿ ಸಹಿ ಮಾಡಿ, ಸ್ಥಿರೀಕರಿಸದೆ ಕುಳಿತಿವೆ. ಭಾರತ ಸಹಿಯನ್ನೂ ಮಾಡಿಲ್ಲ.

ಹೊರಗುಳಿದಿರುವುದೇ ಕ್ಷೇಮವೆಂದು ವಾದಿಸುವವರಿದ್ದಾರೆ. ಪ್ರಬಲ ವಿದೇಶಿ ಕಂಪನಿಗಳು ಅಚ್ಚು ಹಾಕಿದ ಕರಾರನ್ನು ಮುಂದಿಟ್ಟು ನಮ್ಮ ಸಣ್ಣ ಉದ್ಯಮಿಯನ್ನು ಲಂಡನ್ನಿಗೋ ಸಿಂಗಪುರಕ್ಕೋ ಎಳೆದೊಯ್ಯುತ್ತವೆ ಎಂಬುದು ಅವರ ಆತಂಕ. ಆತಂಕ ನಿಜವಾದದ್ದೇ. ಆದರೆ ಹೊರಗಿರುವುದರಿಂದ ಅದು ತಪ್ಪಿದೆಯೇ? ಕೇರಳದ ಗೋಡಂಬಿ ಉದ್ಯಮವೊಂದು ಪೂರ್ವ ಆಫ್ರಿಕಾದಿಂದ ಕಚ್ಚಾ ಗೋಡಂಬಿ ತರಿಸಿತ್ತು. ಬಂದ ಸರಕಿನಲ್ಲಿ ಕೊರತೆ ಕಂಡಾಗ ಕೊಚ್ಚಿಯಲ್ಲಿ ದಾವೆ ಹೂಡಿತು. ಹಡಗಿನ ಸರಕು ರಸೀದಿಯಲ್ಲಿ ಇಂಗ್ಲೆಂಡಿನ ನ್ಯಾಯಾಲಯಕ್ಕೆ ಮಾತ್ರ ಹೋಗತಕ್ಕದ್ದೆಂಬ ಷರತ್ತಿತ್ತು. 1990ರಲ್ಲಿ ನಮ್ಮ ಸುಪ್ರೀಂ ಕೋರ್ಟು ಆ ಷರತ್ತನ್ನೇ ಎತ್ತಿಹಿಡಿದು, ಭಾರತದ ನ್ಯಾಯಾಲಯಕ್ಕೆ ವ್ಯಾಪ್ತಿಯಿಲ್ಲವೆಂದಿತು. 2003ರಲ್ಲಿ, ಕ್ರಿಕೆಟ್ ಪ್ರಸಾರದ ಹಕ್ಕಿನ ಮೊಕದ್ದಮೆಯೊಂದರಲ್ಲಿ, ಪಕ್ಷಗಾರರು ತಮಗೆ ಸಂಬಂಧವೇ ಇಲ್ಲದ ತಟಸ್ಥ ದೇಶದ ನ್ಯಾಯಾಲಯವನ್ನೂ ಒಪ್ಪಿಕೊಳ್ಳಬಹುದೆಂದು ಅದೇ ನ್ಯಾಯಾಲಯ ಹೇಳಿತು. ಅಂದರೆ ಒಡಂಬಡಿಕೆಯಿಂದ ಯಾವ ಹೊರೆ ಬಿದ್ದೀತೆಂದು ನಾವು ಅಂಜುತ್ತಿದ್ದೇವೆಯೋ ಅದನ್ನು ನಮ್ಮ ನ್ಯಾಯಾಲಯಗಳು ದಶಕಗಳ ಹಿಂದೆಯೇ ನಮ್ಮ ಹೆಗಲಿಗೇರಿಸಿವೆ. ಬಾರದಿರುವುದು ಅದರ ಪ್ರತಿಫಲ ಮಾತ್ರ. (ಸರಕು ಸಾಗಣೆಯ ಕರಾರುಗಳನ್ನು ಹೇಗ್ ಒಡಂಬಡಿಕೆ ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಗೋಡಂಬಿಯ ವಿಷಯದಲ್ಲಿ ಹೇಗ್‌ಗಿಂತ ದೆಹಲಿಯೇ ಕಟ್ಟುನಿಟ್ಟು!)

ಆ ಪ್ರತಿಫಲವೇನೆಂಬುದನ್ನು ತಿಳಿಯಲು ನಮ್ಮೂರಿನದೇ ಒಂದು ಪ್ರಕರಣವನ್ನು ನೋಡಬಹುದು. ಕಿಂಗ್‌ಫಿಷರ್ ಏರ್‌ಲೈನ್ಸ್ ಸಾಲದ ಸಂಬಂಧ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿಯಲ್ಲಿ ಬ್ಯಾಂಕುಗಳ ಪರವಾಗಿ ನೀಡಿದ ತೀರ್ಪು, ಅದೇ ವರ್ಷ ಲಂಡನ್ನಿನಲ್ಲಿ ನೋಂದಣಿಯಾಯಿತು. ವಿಜಯ್ ಮಲ್ಯ ಅವರು ಅದನ್ನು ಪ್ರಶ್ನಿಸಿದರೂ 2018ರ ಮೇ ತಿಂಗಳಲ್ಲಿ ಅಲ್ಲಿನ ಹೈಕೋರ್ಟು ನೋಂದಣಿಯನ್ನು ರದ್ದುಪಡಿಸಲು ಒಪ್ಪಲಿಲ್ಲ. ಬೆಂಗಳೂರಿನ ಕಾಗದಕ್ಕೆ ಲಂಡನ್ನಿನಲ್ಲಿ ಬೆಲೆ ಬಂದದ್ದು ಬ್ರಿಟನ್ನಿನ 1933ರ ಕಾನೂನೊಂದರ ಬಲದಿಂದ. ನಮ್ಮಲ್ಲಿಯೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಪ್ರಕರಣದಡಿ ಬ್ರಿಟನ್, ಸಿಂಗಪುರ, ಮಲೇಷ್ಯಾ, 2020ರಿಂದ ಅರಬ್ ಎಮಿರೇಟ್ಸ್ ಮುಂತಾದ ಕೆಲವೇ ದೇಶಗಳ ಡಿಕ್ರಿಗಳನ್ನು ನೇರವಾಗಿ ಅಮಲ್ಜಾರಿ ಮಾಡಬಹುದು. ಪಟ್ಟಿಯಲ್ಲಿ ಹೆಚ್ಚಿನವು ಹಳೆಯ ಬ್ರಿಟಿಷ್ ಸಾಮ್ರಾಜ್ಯದ ನೆರಳಿನವು. ಅಮೆರಿಕವಾಗಲೀ ಜರ್ಮನಿಯಾಗಲೀ ಅದರಲ್ಲಿಲ್ಲ. ನಮ್ಮ ವ್ಯಾಪಾರದ ದಿಕ್ಕು ಬದಲಾದರೂ ಪಟ್ಟಿ ಆ ದಿಕ್ಕಿಗೆ ತಿರುಗಲಿಲ್ಲ.

ನೆದರ್ಲೆಂಡ್ಸನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಸುತ್ತಮುತ್ತ ಬೆಳೆದ ಗುಲಾಬಿ ಅಲ್ಲಿನ ಮಾರುಕಟ್ಟೆಗೂ ಹೋಗುತ್ತದೆ. ಕೊಂಡವನು ಹಣ ಕೊಡಲಿಲ್ಲವೆನ್ನಿ. ಬೆಳೆಗಾರ ಕರಾರಿನಂತೆ ಇಲ್ಲಿಯೇ ದಾವೆ ಹೂಡಿ ಗೆಲ್ಲುತ್ತಾನೆ. ಡಚ್ಚರ ಕಾನೂನಿನ ಪ್ರಕಾರ, ಒಪ್ಪಂದವಿಲ್ಲದ ದೇಶದ ತೀರ್ಪನ್ನು ಅಲ್ಲಿ ನೇರವಾಗಿ ಜಾರಿ ಮಾಡುವಂತಿಲ್ಲ. ಅವನು ಅಲ್ಲಿ ಹೊಸ ದಾವೆ ಹೂಡಬೇಕು, ಇಲ್ಲಿಯ ತೀರ್ಪಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ಅಲ್ಲಿನ ನ್ಯಾಯಾಧೀಶರು ನಿರ್ಧರಿಸಬೇಕು. ಒಂದೆರಡು ಲೋಡು ಹೂವಿನ ಹಣಕ್ಕಾಗಿ ಯಾರು ಅಷ್ಟು ದೂರ ಹೋಗುತ್ತಾರೆ? ಅನುಭವಸ್ಥ ರಫ್ತುದಾರ ಈ ಅಪಾಯವನ್ನು ಬೆಲೆಯಲ್ಲೇ ಸೇರಿಸಿಕೊಳ್ಳುತ್ತಾನೆ ಅಥವಾ ಮುಂಗಡ ಕೇಳಿ ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ. ಅರ್ಥಶಾಸ್ತ್ರ ಇದನ್ನು ವ್ಯವಹಾರ ವೆಚ್ಚವೆಂದು ಕರೆಯುತ್ತದೆ. ಯಾವ ಲೆಕ್ಕಪತ್ರದಲ್ಲಿಯೂ ಕಾಣದ ಈ ವೆಚ್ಚವನ್ನು ದೊಡ್ಡ ಕಂಪನಿಗಳು ತಾಳಿಕೊಳ್ಳುತ್ತವೆ, ಸಣ್ಣವರು ತಾಳಲಾರರು.

ಮಧ್ಯಸ್ಥಿಕೆಯ ದಾರಿ ಇದೆಯಲ್ಲ ಎನ್ನಬಹುದು. ಹೌದು, 1958ರ ನ್ಯೂಯಾರ್ಕ್ ಒಡಂಬಡಿಕೆಯನ್ನು ಭಾರತ 1960ರಲ್ಲೇ ಸ್ಥಿರೀಕರಿಸಿದೆ; ಮಧ್ಯಸ್ಥಗಾರರ ತೀರ್ಪು ಬಹುತೇಕ ಜಗತ್ತಿನಲ್ಲೆಲ್ಲ ಚಲಾವಣೆಯಾಗುತ್ತದೆ. ಆದರೆ ಮಧ್ಯಸ್ಥಗಾರರ ಶುಲ್ಕ, ಸಂಸ್ಥೆಯ ಶುಲ್ಕ, ವಕೀಲರ ಶುಲ್ಕಗಳನ್ನು ಕೂಡಿಸಿದರೆ ಸಣ್ಣ ಮೊತ್ತದ ವ್ಯಾಜ್ಯಕ್ಕೆ ಅದು ನಿಲುಕದು. ಕೇಂದ್ರ ಹಣಕಾಸು ಸಚಿವಾಲಯವೇ 2024ರ ಜೂನ್‌ನಲ್ಲಿ, ಸರ್ಕಾರಿ ಖರೀದಿಯ ಕರಾರುಗಳಲ್ಲಿ ಮಧ್ಯಸ್ಥಿಕೆಯನ್ನು 10 ಕೋಟಿ ರೂಪಾಯಿಗಿಂತ ಕಡಿಮೆ ಮೊತ್ತದ ವ್ಯಾಜ್ಯಗಳಿಗೆ ಸೀಮಿತಗೊಳಿಸುವಂತೆ ಸೂಚಿಸಿತು. ತನ್ನ ದೊಡ್ಡ ವ್ಯಾಜ್ಯಗಳನ್ನು ನ್ಯಾಯಾಲಯವೇ ತೀರ್ಮಾನಿಸಲಿ ಎನ್ನುವ ಸರ್ಕಾರ, ಅದೇ ನ್ಯಾಯಾಲಯದ ಡಿಕ್ರಿಗೆ ಗಡಿಯಾಚೆ ಬೆಲೆ ತರುವ ಕೆಲಸದಲ್ಲಿ ಏಕೆ ಆಸಕ್ತಿ ತೋರುತ್ತಿಲ್ಲ?

ಒಡಂಬಡಿಕೆಯಲ್ಲಿ ರಕ್ಷಣೆಗಳೂ ಇವೆ. ಗ್ರಾಹಕರ ಹಾಗೂ ನೌಕರಿಯ ಕರಾರುಗಳಿಗೆ ಅದು ಅನ್ವಯಿಸುವುದಿಲ್ಲ. ವಂಚನೆಯಿಂದ ಪಡೆದ ತೀರ್ಪನ್ನೂ ಸಾರ್ವಜನಿಕ ನೀತಿಗೆ ವಿರುದ್ಧವಾದುದನ್ನೂ ನಿರಾಕರಿಸಬಹುದು. ಪ್ರಬಲ ಹಿತಾಸಕ್ತಿಯಿರುವ ನಿರ್ದಿಷ್ಟ ವಿಷಯಗಳನ್ನು ಘೋಷಣೆಯ ಮೂಲಕ ಹೊರಗಿಡಲು 21ನೇ ವಿಧಿ ಅವಕಾಶ ಕೊಡುತ್ತದೆ. ಯುರೋಪಿಯನ್ ಒಕ್ಕೂಟ ಕೆಲವು ವಿಮಾ ಕರಾರುಗಳನ್ನು ಹಾಗೆಯೇ ಹೊರಗಿಟ್ಟುಕೊಂಡಿದೆ. ನಮಗೆ ಹೊರಗಿಡಬೇಕಾದದ್ದು ಯಾವುದೆಂಬ ಚರ್ಚೆ ನಡೆಯಲಿ. ಅಂಥ ಚರ್ಚೆ ಕಾನೂನು ಸಚಿವಾಲಯದ ಹೊರಗೆ ನಡೆದದ್ದನ್ನು ನಾನಂತೂ ಕಂಡಿಲ್ಲ.

ನಿಜವಾದ ತೊಡಕು ಬೇರೆಡೆಯಿದೆ, ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ವಿದೇಶಿ ಗಿರಾಕಿಯು ಬೆಂಗಳೂರಿನ ನ್ಯಾಯಾಲಯವನ್ನು ಕರಾರಿನಲ್ಲಿ ಒಪ್ಪಬೇಕಾದರೆ ಇಲ್ಲಿ ವ್ಯಾಜ್ಯ ಬೇಗ ಮುಗಿಯುತ್ತದೆಂಬ ನಂಬಿಕೆ ಅವನಿಗಿರಬೇಕು. ವಿಶ್ವಬ್ಯಾಂಕಿನ 2020ರ ವರದಿಯಲ್ಲಿ, ಕರಾರು ಜಾರಿಯ ವಿಷಯದಲ್ಲಿ ಭಾರತಕ್ಕೆ 163ನೇ ಸ್ಥಾನವಿತ್ತು. ವ್ಯಾಜ್ಯವೊಂದಕ್ಕೆ 1,445 ದಿನ ಬೇಕೆಂದು ಅಂದಾಜಿಸಲಾಗಿತ್ತು. ಆ ವರದಿಮಾಲೆ ಬಳಿಕ ಅಂಕಿಅಂಶಗಳ ಅಕ್ರಮದಿಂದಾಗಿ ನಿಂತುಹೋಯಿತೆಂಬುದು ಗೊತ್ತಿದೆ, ಆದರೂ ನಮ್ಮ ಸಿವಿಲ್ ನ್ಯಾಯಾಲಯಗಳ ಕಾರಿಡಾರುಗಳಲ್ಲಿ ಓಡಾಡಿದವರು ಆ ಸಂಖ್ಯೆಯನ್ನು ಉತ್ಪ್ರೇಕ್ಷೆ ಎನ್ನಲಾರರು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ ಒಳ್ಳೆಯ ಹೆಜ್ಜೆ. ಆದರೆ 2018ರ ತಿದ್ದುಪಡಿ 3 ಲಕ್ಷ ರೂಪಾಯಿಯ ವ್ಯಾಜ್ಯವನ್ನೂ ಅದರೊಳಗೆ ತಂದಿತು. ಸಣ್ಣವರಿಗೆ ಅದು ನೆರವಾದೀತು, ಸರಿ. ಅದಕ್ಕೆ ತಕ್ಕಷ್ಟು ನ್ಯಾಯಾಧೀಶರನ್ನು ಒದಗಿಸದೆ ಬಾಗಿಲನ್ನಷ್ಟೇ ಅಗಲಿಸಿದರೆ ಸರದಿ ಬೆಳೆಯುತ್ತದೆ. ಸಿಂಗಪುರ 2015ರಲ್ಲಿ ಅಂತರರಾಷ್ಟ್ರೀಯ ವಾಣಿಜ್ಯ ನ್ಯಾಯಾಲಯ ತೆರೆದು, ಮರುವರ್ಷವೇ ಹೇಗ್ ಒಡಂಬಡಿಕೆಯನ್ನು ಸ್ಥಿರೀಕರಿಸಿತು. ಅಲ್ಲಿ ಎರಡೂ ಒಂದೇ ನೀತಿಯ ಭಾಗಗಳಾಗಿದ್ದವು.

ನ್ಯಾಯಾಲಯಗಳು ಸುಧಾರಿಸಿದ ಮೇಲೆ ಸಹಿ ಮಾಡೋಣ ಎಂಬ ಮಾತು ವಿವೇಕದ್ದೆಂಬಂತೆ ಕೇಳಿಸುತ್ತದೆ. ಆದರೆ ಈ ಒಡಂಬಡಿಕೆ ಹಿಂದಿನ ಕರಾರುಗಳಿಗೆ ಅನ್ವಯಿಸುವುದಿಲ್ಲ; ಆಯ್ಕೆಯಾದ ನ್ಯಾಯಾಲಯದ ದೇಶದಲ್ಲಿ ಅದು ಜಾರಿಗೆ ಬಂದ ಮೇಲೆ ಮಾಡಿಕೊಂಡ ಕರಾರುಗಳಿಗಷ್ಟೇ ಅದರ ರಕ್ಷಣೆ. ಬ್ರಿಟನ್ನಿನೊಡನೆ 2025ರ ಜುಲೈನಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಿದೆ, ಯುರೋಪಿನೊಡನೆಯೂ ಮಾತುಕತೆ ನಡೆದಿದೆ. ಆ ಭರವಸೆಯಲ್ಲಿ ನಮ್ಮ ರಫ್ತುದಾರರು ಇಂದು ಬರೆಯುತ್ತಿರುವ ದೀರ್ಘಾವಧಿ ಕರಾರುಗಳಲ್ಲಿ ಬೆಂಗಳೂರಿನ ಹೆಸರಿದ್ದರೂ, ನಾಳೆ ಭಾರತ ಸಹಿ ಮಾಡಿದ ಮಾತ್ರಕ್ಕೆ ಅವುಗಳಿಗೆ ಆ ರಕ್ಷಣೆ ಸಿಗುವುದಿಲ್ಲ.