ನೋಟಿಸ್‌ಗೆ ಮೊದಲು ಊರನ್ನು ಕೇಳಿ

ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯಲ್ಲಿ ಹೊಸಕೋಟೆ ದಾಟಿದ ಮೇಲೆ ಸಿಗುವ ನರಸಾಪುರ ಹೋಬಳಿ ಕಳೆದ ಹದಿನೈದು ವರ್ಷಗಳಲ್ಲಿ ಕಂಡಷ್ಟು ಬದಲಾವಣೆಯನ್ನು ಜಿಲ್ಲೆಯ ಬೇರೆ ಯಾವ ಹೋಬಳಿಯೂ ಕಂಡಿರಲಾರದು. 2013ರಲ್ಲಿ ಇಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು. ಆಮೇಲೆ ಐಫೋನ್ ಜೋಡಿಸುವ ವಿಸ್ಟ್ರಾನ್ ಬಂತು, 2023ರಲ್ಲಿ ಅದನ್ನು ಟಾಟಾ ಕೊಂಡಿತು. ಇನ್ನೊಂದು ಕಡೆ, 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ, ಎಲ್ಲರ ಬಾಯಲ್ಲಿ ಕೆ.ಸಿ. ವ್ಯಾಲಿ, ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ನರಸಾಪುರದ ಕೆರೆಗೆ ತಂದು ಬಿಟ್ಟಿತು. ನೆಲ ಕಾರ್ಖಾನೆಗೆ ಹೋಯಿತು, ಕೆರೆಗೆ ನಗರದ ನೀರು ಬಂತು. ಈ ಎರಡೂ ತೀರ್ಮಾನಗಳಿಂದ ಲಾಭವೂ ಆಗಿದೆ, ನಷ್ಟವೂ ಆಗಿದೆ. ಆದರೆ ಎರಡರಲ್ಲೂ ಸಮಾನವಾದದ್ದೊಂದಿದೆ: ತೀರ್ಮಾನಕ್ಕೆ ಮೊದಲು ಊರನ್ನು ಊರಾಗಿ ಕೇಳಲೇಬೇಕು ಎಂದು ಯಾವ ಕಾನೂನೂ ಸರ್ಕಾರವನ್ನು ಕಟ್ಟಿಹಾಕಿರಲಿಲ್ಲ. ರಾಜ್ಯದ ಕೈಗಾರಿಕಾ ನೀತಿಯ ಬಗ್ಗೆ ನಡೆಯುತ್ತಿರುವ ವಾದವಿವಾದದಲ್ಲಿ ಪರಿಹಾರದ ಮೊತ್ತದ ಚರ್ಚೆ ಬೇಕಾದಷ್ಟು ಆಗಿದೆ. ಯಾರನ್ನು, ಯಾವಾಗ ಕೇಳಬೇಕು ಎಂಬ ಚರ್ಚೆ ಮಾತ್ರ ಸರಿಯಾಗಿ ಶುರುವೇ ಆಗಿಲ್ಲ.

ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಭೂಸ್ವಾಧೀನ ನಡೆಯುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ಪ್ರಕಾರ ಸರ್ಕಾರ ಮೊದಲು 3ನೇ ಸೆಕ್ಷನ್ ಅಡಿ ಒಂದಿಷ್ಟು ಸರ್ವೆ ನಂಬರುಗಳನ್ನು ಕೈಗಾರಿಕಾ ಪ್ರದೇಶವೆಂದು ಘೋಷಿಸುತ್ತದೆ. ನಂತರ 28(1)ರ ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ, ಅದರ ಹಿಂದೆಯೇ 28(2)ರ ನೋಟಿಸ್ ಬರುತ್ತದೆ. ರೈತನಿಗೆ ವಿಷಯ ಕಾಗದದ ಮೇಲೆ ತಿಳಿಯುವುದು ಈ ನೋಟಿಸ್ ಕೈಗೆ ಬಂದಾಗ. ತಕರಾರಿದ್ದರೆ ಬಂದು ಹೇಳಿ ಎಂದು ವಿಶೇಷ ಭೂಸ್ವಾಧೀನಾಧಿಕಾರಿ ಕರೆಯುತ್ತಾರೆ. ಆ ಹೊತ್ತಿಗೆ ನಕ್ಷೆ ಸಿದ್ಧವಾಗಿರುತ್ತದೆ, ಕಂಪನಿಗಳ ಜೊತೆ ಮಾತುಕತೆ ನಡೆದಿರುತ್ತದೆ, ಮಂತ್ರಿಗಳು ಹೂಡಿಕೆದಾರರ ಸಮಾವೇಶದಲ್ಲಿ ಭರವಸೆ ಕೊಟ್ಟು ಬಂದಿರುತ್ತಾರೆ. ಅಧಿಕಾರಿ ಎಷ್ಟೇ ಸಜ್ಜನರಾಗಿರಲಿ, ಅವರ ಮುಂದಿರುವ ಪ್ರಶ್ನೆ ಈ ಯೋಜನೆ ಇಲ್ಲಿ ಬೇಕೋ ಬೇಡವೋ ಎಂಬುದಲ್ಲ. ಈ ಸರ್ವೆ ನಂಬರನ್ನು ಬಿಡಬಹುದೋ ಇಲ್ಲವೋ ಎಂಬುದಷ್ಟೇ. 28(4)ರ ಅಂತಿಮ ಅಧಿಸೂಚನೆಯ ನಂತರ ಜಮೀನು ಸರ್ಕಾರದ್ದು. ಇದನ್ನು ವಿಚಾರಣೆ ಎನ್ನಬಹುದು, ಸಮಾಲೋಚನೆ ಎನ್ನಲಾಗದು.

ಇನ್ನೂ ದೊಡ್ಡ ಕೊರತೆ ಆ ನೋಟಿಸಿನ ವಿಳಾಸದಲ್ಲಿದೆ. ಅದು ಹೋಗುವುದು ಪ್ರಧಾನವಾಗಿ ಪಹಣಿಯಲ್ಲಿ ಮಾಲೀಕರೆಂದು ಹೆಸರಿರುವವರಿಗೆ. ಆ ಹೆಸರು ಎಷ್ಟೋ ಕಡೆ ತೀರಿಕೊಂಡ ತಾತನದಾಗಿರುತ್ತದೆ, ಪೌತಿ ಖಾತೆ ಆಗಿರುವುದಿಲ್ಲ. ಜಮೀನನ್ನು ವಾರಕ್ಕೋ ಗುತ್ತಿಗೆಗೋ ಹಾಕಿಕೊಂಡು ಟೊಮೆಟೊ ಬೆಳೆಯುವವನಿಗೆ, ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವ ಕೂಲಿಯವರಿಗೆ, ಮೇವಿಗೆ ಗೋಮಾಳವನ್ನೇ ನಂಬಿ ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಹೆಂಗಸಿಗೆ ಸಾಮಾನ್ಯವಾಗಿ ಯಾವ ನೋಟಿಸೂ ಬರುವುದಿಲ್ಲ. ಗೋಮಾಳದ ವಿಷಯವಂತೂ ಇನ್ನೂ ಕಠಿಣ. ಬಗರ್‌ಹುಕುಂ ಸಾಗುವಳಿ ಮಾಡುತ್ತಾ ಸಕ್ರಮಕ್ಕಾಗಿ ಫಾರಂ 50, 53, 57ರಲ್ಲಿ ಅರ್ಜಿ ಹಾಕಿ ಕಾಯುತ್ತಿರುವವರ ಭೂಮಿ ದಾಖಲೆಯಲ್ಲಿ ಸರ್ಕಾರದ್ದೇ. ಅದನ್ನು ಕಂದಾಯ ಇಲಾಖೆ ಕೆಐಎಡಿಬಿಗೆ ವರ್ಗಾಯಿಸಿದರೆ ಅದು ಸರ್ಕಾರದ ಒಂದು ಕಡತದಿಂದ ಇನ್ನೊಂದು ಕಡತಕ್ಕೆ ಹೋದಂತೆ ಅಷ್ಟೇ, ಉತ್ತವರಿಗೆ ಮಾಲೀಕನ ಹಕ್ಕಿನ ಪರಿಹಾರ ಇಲ್ಲ. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನರಲ್ಲಿ ಶೇ 30ರಷ್ಟು ಪರಿಶಿಷ್ಟ ಜಾತಿಯವರು, ರಾಜ್ಯದಲ್ಲೇ ಅತಿ ಹೆಚ್ಚಿನ ಪಾಲು. ಇಂಥ ಜಿಲ್ಲೆಯಲ್ಲಿ ಪ್ರಧಾನವಾಗಿ ಮಾಲೀಕರನ್ನೇ ಕೇಳುವ ಪದ್ಧತಿ ಊರಿನ ಒಂದು ದೊಡ್ಡ ಭಾಗವನ್ನು ಹೊರಗಿಟ್ಟೇ ಮುಂದೆ ಹೋಗುತ್ತದೆ.

ಇದಕ್ಕೆ ಮದ್ದು ದೇಶದ ಕಾನೂನಿನಲ್ಲೇ ಇತ್ತು. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಖಾಸಗಿ ಯೋಜನೆಗೆ ಶೇ 80ರಷ್ಟು, ಸರ್ಕಾರಿ–ಖಾಸಗಿ ಸಹಭಾಗಿತ್ವಕ್ಕೆ ಶೇ 70ರಷ್ಟು ಸಂತ್ರಸ್ತ ಕುಟುಂಬಗಳ ಒಪ್ಪಿಗೆ ಬೇಕೆಂದಿತು. ಪಂಚಾಯಿತಿಯೊಂದಿಗೆ ಸಮಾಲೋಚಿಸಿ ಸಾಮಾಜಿಕ ಪರಿಣಾಮ ಅಧ್ಯಯನ ನಡೆಸಬೇಕು, ಅದು ಆರು ತಿಂಗಳಲ್ಲಿ ಮುಗಿಯಬೇಕು ಎಂದಿತು. ಜೀವನೋಪಾಯ ಕಳೆದುಕೊಳ್ಳುವ ಕೃಷಿ ಕೂಲಿಗಳನ್ನೂ ಗೇಣಿದಾರರನ್ನೂ ಸಂತ್ರಸ್ತರ ಲೆಕ್ಕಕ್ಕೆ ಸೇರಿಸಿತು. ಆದರೆ ಕೆಐಎಡಿಬಿ ತನ್ನದೇ 1966ರ ಕಾಯ್ದೆಯ ದಾರಿಯಲ್ಲಿ ಜಮೀನು ಪಡೆಯುತ್ತದೆ. ಆ ಕಾಯ್ದೆಯಲ್ಲಿ ಒಪ್ಪಿಗೆಯೂ ಇಲ್ಲ, ಪರಿಣಾಮ ಅಧ್ಯಯನವೂ ಇಲ್ಲ. ಅದು ಸಾಲದೆಂಬಂತೆ 2019ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು, ಕೇಂದ್ರದ ಕಾಯ್ದೆಯಡಿ ನಡೆಯುವ ಕೆಲವು ಬಗೆಯ ಯೋಜನೆಗಳಿಗೂ ಈ ಅಧ್ಯಯನದಿಂದ ವಿನಾಯಿತಿ ಕೊಡುವ ಬಾಗಿಲು ತೆರೆಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳು ಹೋದವು, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ಇವು ಯಾವುದೋ ಒಂದೇ ಪಕ್ಷದ ಕೆಲಸವಲ್ಲ. ಕುರ್ಚಿಯಲ್ಲಿ ಕೂತವರು ಬದಲಾದರೂ ಊರನ್ನು ಕೇಳದಿರುವ ಅಭ್ಯಾಸ ಬದಲಾಗಿಲ್ಲ.

ಕೇಳದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಪಕ್ಕದ ದೇವನಹಳ್ಳಿಗಿಂತ ಬೇರೆ ಸಾಕ್ಷಿ ಬೇಡ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ 2022ರ ಆರಂಭದಲ್ಲಿ ಪ್ರಾಥಮಿಕ ಅಧಿಸೂಚನೆ ಬಂತು. ಏಪ್ರಿಲ್‌ನಲ್ಲಿ ರೈತರು ಧರಣಿ ಕೂತರು. ಆಗ ಬಿಜೆಪಿ ಸರ್ಕಾರ. ವಿರೋಧ ಪಕ್ಷದಲ್ಲಿದ್ದ ಸಿದ್ದರಾಮಯ್ಯನವರು ಧರಣಿಗೆ ಹೋಗಿ ಬೆಂಬಲ ಹೇಳಿ ಬಂದಿದ್ದರು. ಸರ್ಕಾರ ಬದಲಾಯಿತು, ಅವರೇ ಮುಖ್ಯಮಂತ್ರಿಯಾದರು, ಸ್ವಾಧೀನ ಪ್ರಕ್ರಿಯೆ ಮಾತ್ರ ನಿಲ್ಲಲಿಲ್ಲ. 2025ರ ಜೂನ್‌ನಲ್ಲಿ ಪ್ರತಿಭಟನಕಾರರನ್ನು ಪೊಲೀಸರು ಎಳೆದೊಯ್ದ ಮೇಲೆ ವಿಷಯ ರಾಜ್ಯದ ತುಂಬ ಹಬ್ಬಿತು. ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟಿರುವುದಾಗಿ ಘೋಷಿಸಿದರು. ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ಪಡೆಯುತ್ತೇವೆ ಎಂದರು. ಹೋರಾಟಕ್ಕೆ ಆಗ 1,198 ದಿನ. ಇದನ್ನು ರೈತರ ಗೆಲುವು ಎಂದು ಸಂಭ್ರಮಿಸಿದ್ದು ಸರಿಯೇ. ಆದರೆ ಆಡಳಿತದ ಕಣ್ಣಿಂದ ನೋಡಿದರೆ ಇದೊಂದು ದುಬಾರಿ ಸೋಲು. ಈ ಹಳ್ಳಿಗಳು ಜಮೀನು ಕೊಡಲು ಒಪ್ಪುವುದಿಲ್ಲ ಎಂದು ತಿಳಿಯಲು ಸರ್ಕಾರಕ್ಕೆ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. 13 ಹಳ್ಳಿಗಳಲ್ಲಿ ಗ್ರಾಮಸಭೆ ಕರೆದಿದ್ದರೆ ಅದೇ ಉತ್ತರ ಒಂದು ತಿಂಗಳಲ್ಲಿ ಸಿಗುತ್ತಿತ್ತು.

ಕೆ.ಸಿ. ವ್ಯಾಲಿಯ ಕಥೆ ಇನ್ನೊಂದು ಬಗೆಯದು, ಅದಕ್ಕೇ ಹೆಚ್ಚು ಪಾಠ ಹೇಳುವಂಥದ್ದು. ಇದು ಜನರಿಂದ ಏನನ್ನೂ ಕಿತ್ತುಕೊಳ್ಳುವ ಯೋಜನೆಯಲ್ಲ, ಕೊಡುವ ಯೋಜನೆ. ವರ್ಷವಿಡೀ ಹರಿಯುವ ನದಿಯೇ ಇಲ್ಲದ, ಬೋರ್‌ವೆಲ್ ಸಾವಿರ ಅಡಿ ದಾಟಿದರೂ ದೂಳು ಹಾರುವ ಜಿಲ್ಲೆಗೆ ದಿನಕ್ಕೆ 440 ದಶಲಕ್ಷ ಲೀಟರ್ ನೀರು ಹರಿಸಿ 126 ಕೆರೆ ತುಂಬಿಸುವ ಉದ್ದೇಶ ಅದರದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗ ಜನ ಸಂಭ್ರಮಪಟ್ಟಿದ್ದರು. ಮರುತಿಂಗಳೇ ನೊರೆ ಕಾಣಿಸಿತು. ಎರಡು ಹಂತದ ಸಂಸ್ಕರಣೆ ಸಾಕೇ, ಮೂರನೆಯ ಹಂತ ಬೇಡವೇ ಎಂಬ ಪ್ರಶ್ನೆ ಎದ್ದಿತು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆಂಜನೇಯ ರೆಡ್ಡಿಯವರು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟ್ ತಡೆ ಕೊಟ್ಟಿತು, ತೆರವು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಏಪ್ರಿಲ್‌ನಲ್ಲಿ ತೆರವು ಮಾಡಿತು. ನೀರು ಮತ್ತೆ ಹರಿಯಿತು, ಅಂತರ್ಜಲ ಮೇಲೆ ಬಂದದ್ದೂ ಸುಳ್ಳಲ್ಲ. ಆದರೆ ಎಂಥ ನೀರು ಬೇಕು, ಅದನ್ನು ಯಾವುದಕ್ಕೆ ಬಳಸಬೇಕು, ಪರೀಕ್ಷೆಯ ವರದಿ ಯಾರ ಕೈಗೆ ಬರಬೇಕು ಎಂಬ ಮಾತು ಕೆರೆಯ ಅಚ್ಚುಕಟ್ಟುದಾರರ ಜೊತೆ ಆಗಬೇಕಿತ್ತು, ಪೈಪ್ ಹೂಳುವ ಮೊದಲು ಆಗಬೇಕಿತ್ತು. ಆದದ್ದು ನ್ಯಾಯಾಲಯದಲ್ಲಿ, ನೀರು ಬಂದ ಮೇಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಒಳ್ಳೆಯ ಯೋಜನೆಯ ಮೇಲೂ ಜನರಿಗೆ ಅನುಮಾನ ಉಳಿಯುವುದು ಹೀಗೆ. ಇವತ್ತಿಗೂ ಕೆ.ಸಿ. ವ್ಯಾಲಿ ಎಂದರೆ ಜಿಲ್ಲೆಯಲ್ಲಿ ಅರ್ಧ ಮಾತು ಹೊಗಳಿಕೆ, ಅರ್ಧ ಮಾತು ಮೂರನೆಯ ಹಂತದ ಬೇಡಿಕೆ.

ಊರನ್ನೇ ಕೇಳುವುದು ಆಗಹೋಗುವ ಮಾತಲ್ಲ ಎನ್ನುವವರು ಒಡಿಶಾದ ನಿಯಮಗಿರಿಯನ್ನು ನೆನೆಯಬೇಕು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಬಾಕ್ಸೈಟ್ ಗಣಿಯ ಪ್ರಶ್ನೆಯನ್ನು ಡೋಂಗರಿಯಾ ಕೊಂಧ ಬುಡಕಟ್ಟಿನವರ ಗ್ರಾಮಸಭೆಗಳಿಗೇ ಕಳಿಸಿತು. 12 ಗ್ರಾಮಸಭೆ ನಡೆದವು, ಹನ್ನೆರಡಕ್ಕೆ ಹನ್ನೆರಡೂ ಬೇಡ ಎಂದವು, ಗಣಿ ನಿಂತಿತು. ಅಲ್ಲಿ ಬಲ ಕೊಟ್ಟದ್ದು 2006ರ ಅರಣ್ಯ ಹಕ್ಕು ಕಾಯ್ದೆ. ನಮ್ಮಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಅದೇ ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ನಾಗರಹೊಳೆಯ ಜೇನುಕುರುಬರು 2025ರಲ್ಲೂ ತಮ್ಮ ಹಾಡಿಯ ಹಕ್ಕಿಗಾಗಿ ಹೋರಾಡುತ್ತಲೇ ಇದ್ದರು. ಹೊರದೇಶದಲ್ಲೂ ಇದೇ ಜಗಳ. ಕೆನಡಾದ ಸುಪ್ರೀಂ ಕೋರ್ಟ್ 2004ರ ಹೈಡಾ ಪ್ರಕರಣದಲ್ಲಿ, ಮೂಲನಿವಾಸಿಗಳ ಹಕ್ಕಿಗೆ ಧಕ್ಕೆ ತರಬಹುದಾದ ಕ್ರಮವನ್ನು ಸರ್ಕಾರ ಯೋಚಿಸುತ್ತಿರುವ ಹಂತದಲ್ಲೇ ಅವರೊಂದಿಗೆ ಸಮಾಲೋಚಿಸುವ ಹೊಣೆ ಹುಟ್ಟುತ್ತದೆ ಎಂದಿತು. ಹಾಗಿದ್ದೂ 2025ರ ಜೂನ್‌ನಲ್ಲಿ ಅಲ್ಲಿನ ಒಂಟಾರಿಯೊ ಪ್ರಾಂತ್ಯ, ವಿಶೇಷ ಆರ್ಥಿಕ ವಲಯಗಳಲ್ಲಿ ಪ್ರಾಂತ್ಯದ ಕಾನೂನುಗಳನ್ನೇ ಬದಿಗಿಡಬಹುದಾದ ಮಸೂದೆ ಪಾಸು ಮಾಡಿತು, ನಮ್ಮನ್ನು ಕೇಳಲಿಲ್ಲ ಎಂದು ಮೂಲನಿವಾಸಿ ಸಮುದಾಯಗಳು ಬೀದಿಗಿಳಿದವು. ಕೋಲಾರದ ರೈತ ಡೋಂಗರಿಯಾ ಕೊಂಧನಲ್ಲ, ಹೈಡಾ ಜನಾಂಗದವನೂ ಅಲ್ಲ, ನಿಜ. ಬುಡಕಟ್ಟು ಪ್ರದೇಶಗಳಿಗೆ ರಕ್ಷಣೆ ಕೊಡುವ ಸಂವಿಧಾನದ ಐದನೇ ಅನುಸೂಚಿಗೆ ಸೇರಿದ ಪ್ರದೇಶ ಕರ್ನಾಟಕದಲ್ಲಿ ಒಂದೂ ಇಲ್ಲ. ಆದರೆ ಬಾಳ್ವೆಗೆ ಬುಡವಾದ ನೆಲದ ಬಗ್ಗೆ ಅಲ್ಲಿ ಬದುಕುವವರ ಮಾತಿಗೆ ಬೆಲೆ ಇರಬೇಕು ಎಂಬ ತತ್ವ ಬೆಟ್ಟದ ಬುಡದಲ್ಲಿ ನಿಂತು ಹೋಗಬೇಕಾಗಿಲ್ಲ.

ಎದುರು ವಾದಗಳಲ್ಲಿ ಮೊದಲನೆಯದು ಉದ್ಯೋಗದ್ದು. ನರಸಾಪುರದ ಕಾರ್ಖಾನೆಗಳು ಸಾವಿರಾರು ಹುಡುಗ ಹುಡುಗಿಯರಿಗೆ ಸಂಬಳ ಕೊಟ್ಟಿವೆ, ಕೃಷಿಯಿಂದ ಅಷ್ಟು ಬರುತ್ತಿರಲಿಲ್ಲ ಎನ್ನುತ್ತಾರೆ. ಒಪ್ಪಬೇಕಾದ ಮಾತು. ಬಾಡಿಗೆ ಮನೆ, ಪಿ.ಜಿ., ಹೋಟೆಲು, ಟೆಂಪೊ ಅಂತ ಸುತ್ತಲ ಊರುಗಳಿಗೂ ಒಂದಿಷ್ಟು ಕಾಸು ಹರಿದಿದೆ. ಆದರೆ ಎಂಥ ಕೆಲಸ ಎಂಬ ಪ್ರಶ್ನೆಯನ್ನು 2020ರ ಡಿಸೆಂಬರ್ 12ರ ಬೆಳಿಗ್ಗೆ ವಿಸ್ಟ್ರಾನ್ ಘಟಕದಲ್ಲಿ ನಡೆದ ದಾಂಧಲೆ ದೇಶದ ಮುಂದಿಟ್ಟಿತು. ಬಾಕಿ ಸಂಬಳ, ಹೆಚ್ಚಿಸಿದ ಪಾಳಿಯ ಅವಧಿ, ಗುತ್ತಿಗೆ ಏಜೆನ್ಸಿಗಳ ಮೂಲಕದ ನೇಮಕ, ಇವೆಲ್ಲ ಆಗ ಹೊರಬಂದವು. ಆ್ಯಪಲ್ ಕಂಪನಿಯೇ ವಿಸ್ಟ್ರಾನನ್ನು ಪ್ರೊಬೇಷನ್‌ಗೆ ಹಾಕಿತು. ಜಮೀನು ಕೊಡುವ ಹೊತ್ತಿನಲ್ಲಿ ಊರು ಕೇಳಬಹುದಾಗಿದ್ದ ಮೊದಲ ಪ್ರಶ್ನೆಯೇ ಕಾಯಂ ಕೆಲಸ ಎಷ್ಟು, ಯಾರಿಗೆ ಎಂಬುದು. ಅದನ್ನು ಕೇಳುವ ಜಾಗವೇ ಇಲ್ಲದ್ದರಿಂದ ಸರ್ಕಾರ ಸ್ಥಳೀಯರ ಮೀಸಲಾತಿಯಂಥ ಅಡ್ಡದಾರಿ ಹುಡುಕುತ್ತದೆ. 2024ರ ಜುಲೈನಲ್ಲಿ ಸಂಪುಟ ಒಪ್ಪಿದ ಆ ಮಸೂದೆ ಉದ್ಯಮಿಗಳು ಗದ್ದಲ ಎಬ್ಬಿಸುತ್ತಿದ್ದಂತೆ ಕೆಲವೇ ದಿನಗಳಲ್ಲಿ ತಣ್ಣಗಾಯಿತು.

ಎರಡನೆಯ ವಾದ, ಕೇಳುತ್ತ ಕೂತರೆ ಉದ್ಯಮ ಆಂಧ್ರಕ್ಕೆ ಹೋಗುತ್ತದೆ. ದೇವನಹಳ್ಳಿ ಸುದ್ದಿ ಬಂದ ಕೂಡಲೇ ಆಂಧ್ರದ ಸಚಿವ ನಾರಾ ಲೋಕೇಶ್ ಬೆಂಗಳೂರಿನ ಸನಿಹವೇ ನಮ್ಮಲ್ಲಿ 8,000 ಎಕರೆ ಸಿದ್ಧವಿದೆ ಎಂದು ಕರೆದದ್ದು ನಿಜ. ಮುಳಬಾಗಿಲು, ಶ್ರೀನಿವಾಸಪುರದವರಿಗೆ ಆಂಧ್ರ ದೂರವೂ ಅಲ್ಲ. ಆದರೆ ಕಂಪನಿಗಳು ಅಂಜುವುದು ಕೇಳುವ ವಿಧಾನಕ್ಕಿಂತ ಅನಿಶ್ಚಿತತೆಗೆ. ಆರು ತಿಂಗಳಲ್ಲಿ ಹೌದು ಅಥವಾ ಇಲ್ಲ ಎಂದು ತಿಳಿಯುವ ಜಮೀನು ಒಳ್ಳೆಯದೋ, ಮೂರು ವರ್ಷ ಧರಣಿ ನಡೆದು ಕೊನೆಗೆ ಕೈತಪ್ಪುವ ಜಮೀನು ಒಳ್ಳೆಯದೋ? ಇನ್ನು ಶಾಸಕರಿದ್ದಾರಲ್ಲ, ಗ್ರಾಮಸಭೆ ಯಾಕೆ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ಐದು ವರ್ಷಕ್ಕೊಮ್ಮೆ ಹಾಕುವ ಓಟು ಇಂಥ ಸರ್ವೆ ನಂಬರು ಕೊಡುತ್ತೇವೆ ಎಂಬ ಮುಚ್ಚಳಿಕೆ ಅಲ್ಲ.

ಇರುವುದರಲ್ಲಿ ತೂಕದ ಆಕ್ಷೇಪ ಮೂರನೆಯದು: ಗ್ರಾಮಸಭೆಗಳ ಬಣ್ಣ ಎಲ್ಲರಿಗೂ ಗೊತ್ತು. ಹಾಜರಿ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ, ಠರಾವು ಮೊದಲೇ ಬರೆದಿರುತ್ತದೆ, ರಿಯಲ್ ಎಸ್ಟೇಟ್‌ನವರು ಮತ್ತು ಗುತ್ತಿಗೆದಾರರು ಮುಂದಿನ ಸಾಲಿನಲ್ಲಿ ಕೂರುತ್ತಾರೆ, ದಲಿತ ಕೇರಿಯವರಿಗೆ ಡಂಗುರವೇ ಕೇಳಿಸಿರುವುದಿಲ್ಲ. ಎಲ್ಲವೂ ನಿಜ. ಆದರೆ ಗ್ರಾಮಸಭೆ ಕೆಟ್ಟಿದ್ದರೆ ಅದನ್ನು ರಿಪೇರಿ ಮಾಡಬೇಕೇ ಹೊರತು ಬೀಗ ಹಾಕಬಾರದು. ನಿಯಮಗಿರಿಯ ಗ್ರಾಮಸಭೆಗಳಿಗೆ ಜಿಲ್ಲಾ ನ್ಯಾಯಾಧೀಶರ ದರ್ಜೆಯ ನ್ಯಾಯಾಂಗ ಅಧಿಕಾರಿ ವೀಕ್ಷಕರಾಗಿದ್ದರು. ಹಾಗೆ ನಮ್ಮಲ್ಲೂ ಪಂಚಾಯಿತಿಗೆ ಸಂಬಂಧವಿಲ್ಲದ ವೀಕ್ಷಕರನ್ನು ಇಡಬಹುದು, ಕೇರಿಯಲ್ಲೊಂದು ವಾರ್ಡ್ ಸಭೆ ಕಡ್ಡಾಯ ಮಾಡಬಹುದು, ಸಾಗುವಳಿದಾರರ ಮತ್ತು ಕೂಲಿಯವರ ಪಟ್ಟಿಯನ್ನು ಮಾಲೀಕರ ಪಟ್ಟಿಯ ಪಕ್ಕದಲ್ಲೇ ಗೋಡೆಗೆ ಅಂಟಿಸಬಹುದು.

ಇದಕ್ಕೆ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಯಾವ ಸರ್ವೆ ನಂಬರಿಗೆ ಅಧಿಸೂಚನೆ ಹೊರಡಿಸಬೇಕು, ಯಾವಾಗ ಹೊರಡಿಸಬೇಕು ಎನ್ನುವುದು ಸರ್ಕಾರದ್ದೇ ವಿವೇಚನೆ. ಗ್ರಾಮಸಭೆಯ ತೀರ್ಮಾನ ಕಡತದಲ್ಲಿ ಇಲ್ಲದೆ 28(1) ಅಧಿಸೂಚನೆ ಹೊರಡಿಸಬಾರದು, ಗೋಮಾಳವನ್ನು ವರ್ಗಾಯಿಸಬಾರದು ಎಂದು ಒಂದು ಸರ್ಕಾರಿ ಆದೇಶ ಮಾಡಬಹುದು, ಕಾಯ್ದೆಗೆ ತಿದ್ದುಪಡಿಯನ್ನು ಆಮೇಲೆ ತರಬಹುದು. ದೇವನಹಳ್ಳಿಯ ವಿಷಯದಲ್ಲಿ ಸ್ವಇಚ್ಛೆಯ ಮಾತಾಡಿದ ಸರ್ಕಾರ ಅದೇ ನಿಯಮವನ್ನು ನರಸಾಪುರಕ್ಕೂ ವೇಮಗಲ್‌ಗೂ ಮಾಲೂರಿಗೂ ಯಾಕೆ ಅನ್ವಯಿಸಬಾರದು ಎಂದು ಕೋಲಾರ ಜಿಲ್ಲೆಯ ಶಾಸಕರು ಪಕ್ಷ ಮರೆತು ಮುಂದಿನ ಅಧಿವೇಶನದಲ್ಲಿ ಕೇಳಲಿ. ಅವರು ಕೇಳುವಂತೆ ಮಾಡುವುದು ಓದುಗರಾದ ನಿಮ್ಮ ಕೆಲಸ.