ಚಕ್ರ ತಿರುಗಿತೆಂದು ಹೇಗೆ ಗೊತ್ತು?

ಆಗಸ್ಟ್ 23ರ ಬಾಹ್ಯಾಕಾಶ ದಿನಕ್ಕೆ ಶಾಲೆಯಲ್ಲಿ ಚಿತ್ರ ಬರೆದು ತರಲು ಹೇಳಿದ್ದರಂತೆ. ಏಳನೇ ತರಗತಿಯ ನನ್ನ ಮೊಮ್ಮಗಳು ಹಿಂದಿನ ರಾತ್ರಿ ಬಣ್ಣದ ಪೆನ್ಸಿಲುಗಳನ್ನೆಲ್ಲ ಹರಡಿಕೊಂಡು ಕೂತಿದ್ದಳು. ಹಾಳೆಯ ತುಂಬ ದೊಡ್ಡದೊಂದು ತಟ್ಟೆ ಆಂಟೆನಾ, ಮೇಲೆ ಚಂದ್ರ. ಆಂಟೆನಾದ ಬುಡದಲ್ಲಿ ಕುರ್ಚಿ ಹಾಕಿಕೊಂಡ ಒಬ್ಬ ಮನುಷ್ಯ ಗಾಡಿಯ ಗಾಲಿಯಂಥ ಚಕ್ರ ತಿರುಗಿಸುತ್ತಿದ್ದಾನೆ. ಮೀಸೆ ನನ್ನದೇ.

“ಇದು ಬ್ಯಾಲಾಳು ತಾತ. ತಿರುಗಿಸ್ತಿರೋನು ನೀನು.”

“ತಿರುಗಿಸೋರು ಅಲ್ಲೇ ಕೂತಿರಬೇಕು ಅಂತಿಲ್ಲಮ್ಮ. ಪೀಣ್ಯದಲ್ಲಿ ಕೂತೇ ತಿರುಗಿಸ್ತಾರೆ.”

“ಅಷ್ಟು ದೂರದಿಂದಾನಾ? ಹಾಗಾದ್ರೆ ಚಕ್ರ ತಿರುಗಿತೋ ಇಲ್ವೋ ಅವರಿಗೆ ಹೇಗೆ ಗೊತ್ತಾಗತ್ತೆ?”

ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಕೇಳುವ ಪ್ರಶ್ನೆಯೇ ಇದು? ಆದರೂ ಎರಡು ದಿನ ತಲೆಯಲ್ಲಿ ಕೊರೆಯಿತು. ತಿಳಿದಷ್ಟು ಹೇಳುತ್ತೇನೆ, ಮಕ್ಕಳೇ.

ಬ್ಯಾಲಾಳು ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಹಳ್ಳಿ. ಸುತ್ತ ದಿಬ್ಬ, ನಡುವೆ ತಗ್ಗು. ಹಾಗಾಗಿ ಪಟ್ಟಣದ ರೇಡಿಯೊ ಗದ್ದಲ ಅಲ್ಲಿಗೆ ಅಷ್ಟಾಗಿ ತಟ್ಟುವುದಿಲ್ಲ. 2008ರಲ್ಲಿ ಚಂದ್ರಯಾನ-1 ಹೊರಡುವ ಹೊತ್ತಿಗೆ ಇಸ್ರೊ ಅಲ್ಲಿ 18 ಮೀಟರ್ ಮತ್ತು 32 ಮೀಟರ್ ಅಗಲದ ಎರಡು ಆಂಟೆನಾ ನಿಲ್ಲಿಸಿತು. 32 ಮೀಟರ್ ಎಂದರೆ ನೂರಡಿಗೂ ಹೆಚ್ಚು. ನಮ್ಮ ನಂಜನಗೂಡಿನ ರಥಬೀದಿಯಲ್ಲಿ ಮಲಗಿಸಿದರೆ ಎರಡೂ ಕಡೆಯ ಮನೆಗಳ ಜಗಲಿಗೆ ತಾಗೀತೇನೋ! ಅದನ್ನು ನೋಡಿಕೊಳ್ಳುವ ಎಂಜಿನಿಯರುಗಳು ಸ್ಥಳದಲ್ಲಿ ಇದ್ದೇ ಇರುತ್ತಾರೆ. ಆದರೆ ಬೆಂಗಳೂರಿನ ಪೀಣ್ಯದ ಇಸ್ಟ್ರ್ಯಾಕ್ ಕೇಂದ್ರದಲ್ಲಿ ಕೂತೇ ಅದನ್ನು ನಡೆಸುವ ಏರ್ಪಾಡೂ ಇದೆ.

ಚಂದ್ರ ಮಂಗಳಗಳ ಮಾತು ಆಮೇಲೆ. ನಮ್ಮ ತಲೆಯ ಮೇಲೆಯೇ ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಿವೆಯಲ್ಲ, ಅವು ಒಂದೂವರೆ ಗಂಟೆ ಚಿಲ್ಲರೆ ಸಮಯಕ್ಕೆ ಭೂಮಿಯನ್ನು ಒಂದು ಸುತ್ತು ಹಾಕುತ್ತವೆ. ಒಂದು ಊರಿನ ಆಂಟೆನಾಕ್ಕೆ ಅವು ಕಾಣಿಸುವುದು ಹತ್ತು, ಹೆಚ್ಚೆಂದರೆ ಹದಿನೈದು ನಿಮಿಷ. ಆ ಹೊತ್ತಿನಲ್ಲಿ ಅವುಗಳ ಆರೋಗ್ಯ ವಿಚಾರಿಸಬೇಕು, ಚಿತ್ರ ಇಳಿಸಿಕೊಳ್ಳಬೇಕು, ಮುಂದಿನ ಕೆಲಸ ಹೇಳಬೇಕು. ಇದಕ್ಕಾಗಿಯೇ ಲಖನೌ, ಪೋರ್ಟ್ ಬ್ಲೇರ್, ತಿರುವನಂತಪುರ, ಮಾರಿಷಸ್, ಬ್ರೂನೈ, ಇಂಡೊನೇಷ್ಯಾದ ಬಿಯಾಕ್ ಹೀಗೆ ಹಲವೆಡೆ ಭೂಕೇಂದ್ರಗಳನ್ನು ಇಟ್ಟು, ಎಲ್ಲದಕ್ಕೂ ಬೆಂಗಳೂರಿನೊಡನೆ ಸಂಪರ್ಕ ಕೊಟ್ಟಿದ್ದಾರೆ.

ತಯಾರಿ ಮೊದಲೇ ಆಗಬೇಕು. ಉಪಗ್ರಹ ದಿಗಂತದಲ್ಲಿ ಮೂಡುವ ಜಾಗಕ್ಕೆ ಆಂಟೆನಾ ಮುಂಚೆಯೇ ಮುಖ ಮಾಡಿರಬೇಕು. ರಿಸೀವರ್ ಸರಿಯಾದ ತರಂಗಕ್ಕೆ ಕೂತಿದೆಯೇ, ಆಜ್ಞೆ ಕಳಿಸುವ ಟ್ರಾನ್ಸ್‌ಮಿಟರ್ ಕಾದಿದೆಯೇ, ಗಡಿಯಾರ ಸರಿ ಇದೆಯೇ, ಎಲ್ಲ ನೋಡಿಟ್ಟಿರಬೇಕು. ನಂಜನಗೂಡಿನ ಸ್ಟ್ಯಾಂಡಿನಲ್ಲಿ ಟಿ. ನರಸೀಪುರದ ಬಸ್ ಬಂದು ನಿಂತ ಮೇಲೆ ಚೀಲ ಕಟ್ಟಲು ಶುರುಮಾಡಿದರೆ ಕಂಡಕ್ಟರ್ ಕಾಯುತ್ತಾನೆಯೇ?

ಈಗ ಮೊಮ್ಮಗಳ ಪ್ರಶ್ನೆ. ದೂರದಲ್ಲಿ ಕೂತವನಿಗೆ ಕಣ್ಣಿಲ್ಲ, ಬರುವ ಉತ್ತರವೇ ಅವನ ಕಣ್ಣು. ಆಂಟೆನಾಕ್ಕೆ ‘ತಿರುಗು’ ಎಂದರೆ ಅದು ತಿರುಗಿ, ತಾನು ಈಗ ಎಷ್ಟು ಡಿಗ್ರಿಯಲ್ಲಿದ್ದೇನೆ ಎಂದು ಅಳೆದು ಹೇಳಬೇಕು. ಉಪಗ್ರಹಕ್ಕೆ ಒಂದು ಆಜ್ಞೆ ಹೋಯಿತೆನ್ನಿ. ‘ಇಲ್ಲಿಂದ ಕಳಿಸಿದೆ’ ಎಂದು ಭೂಕೇಂದ್ರ ಹೇಳುವುದು ಒಂದು. ‘ನನಗೆ ತಲುಪಿತು, ತಪ್ಪಿಲ್ಲ’ ಎಂದು ಉಪಗ್ರಹ ಹೇಳುವುದು ಇನ್ನೊಂದು. ‘ಮಾಡಿ ಮುಗಿಸಿದೆ’ ಎನ್ನುವುದು ಮೂರನೆಯದು. ಈ ಮೂರನ್ನು ಒಂದೇ ಎಂದುಕೊಂಡವನು ಕೆಟ್ಟ.

ನಾನು ಹಾಗೆ ಅಂದುಕೊಂಡವನು. 1979ರಲ್ಲಿ ಟಿ. ನರಸೀಪುರದ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಆಗ ದೂರದೂರಿನಿಂದ ಹಣ ಬೇಗ ಬರಬೇಕಾದರೆ ತಂತಿಯಲ್ಲಿ ಬರುತ್ತಿತ್ತು, ಟಿ.ಟಿ. ಎನ್ನುತ್ತಿದ್ದೆವು. ತಂತಿಯಲ್ಲಿ ಒಂದು ಗುಟ್ಟಿನ ಸಂಖ್ಯೆ ಇರುತ್ತಿತ್ತು. ಬೀಗದಲ್ಲಿಟ್ಟ ಪುಸ್ತಕ ತೆಗೆದು ಅಧಿಕಾರಿಗಳು ತಾಳೆ ನೋಡುವರು. ತಾಳೆಯಾದರೆ ಮಾತ್ರ ಹಣ.

ತಲಕಾಡಿನ ಕಡೆಯ ರೈತರೊಬ್ಬರು ಮಗಳ ಮದುವೆಗೆ ಮಗ ಬೊಂಬಾಯಿಯಿಂದ ಕಳಿಸಿದ ಹಣಕ್ಕಾಗಿ ಬೆಂಚಿನ ಮೇಲೆ ಕಾದಿದ್ದರು. ಅಂಚೆಯಾಳು ತಂತಿ ತಂದುಕೊಟ್ಟ. ಅವರ ಹೆಸರು ನೋಡಿದ್ದೇ ನಾನು ಸಂತೋಷದಿಂದ, “ಗೌಡ್ರೇ, ಬಂತು ನಿಮ್ಮ ದುಡ್ಡು!” ಎಂದುಬಿಟ್ಟೆ. ಅವರು ಕೈಮುಗಿದು, ಒಂದೇ ಓಟಕ್ಕೆ ಪೇಟೆಗೆ ಹೋಗಿ ಸೀರೆಗಳನ್ನು ಆರಿಸಿ, ಅಕ್ಕಸಾಲಿಗನಿಗೂ ಮಾತು ಕೊಟ್ಟು ಬಂದರು. ಅಷ್ಟರಲ್ಲಿ ಒಳಗೆ ಸಂಖ್ಯೆ ತಾಳೆಯಾಗಿರಲಿಲ್ಲ. ಎಲ್ಲೋ ದಾರಿಯಲ್ಲಿ ಒಂದು ಅಂಕಿ ತಪ್ಪಿತ್ತು. ಮತ್ತೆ ತಂತಿ ಕೊಟ್ಟು ಕೇಳಿ ಉತ್ತರ ಬರುವ ಹೊತ್ತಿಗೆ ಮೂರು ದಿನ. ಕಟ್ಟಿಸಿದ ಸೀರೆಗಳನ್ನು ಅವರು ಅಂಗಡಿಯಲ್ಲೇ ಬಿಟ್ಟು ಬರಬೇಕಾಯಿತು. ಬೈಯಲಿಲ್ಲ. “ಬಂತು ಅಂದ್ರಲ್ಲ ಸ್ವಾಮಿ,” ಎಂದರು, ಅಷ್ಟೆ. ಹಣ ಕೊಡದ ಬ್ಯಾಂಕಿನದು ತಪ್ಪಲ್ಲ; ತಾಳೆಯಾಗದ ಆಜ್ಞೆಯನ್ನು ಉಪಗ್ರಹವೂ ಪಾಲಿಸುವುದಿಲ್ಲ. ತಪ್ಪು ನನ್ನ ಬಾಯಿಯದು.

ಈ ಪಾಠ ನನ್ನ ಭಾವಮೈದನಿಗೂ ಆಗಿದೆ. ಟಿ. ನರಸೀಪುರದ ಹತ್ತಿರ ಅವನ ಗದ್ದೆ. ಮೂರು ಫೇಸಿನ ಕರೆಂಟು ಬರುವುದು ಅಪರಾತ್ರಿ. ಹಾವು ಹುಳುವಿನ ನಡುವೆ ಟಾರ್ಚ್ ಹಿಡಿದು ಹೋಗುವುದು ತಪ್ಪಲೆಂದು ಮೊಬೈಲಿನಿಂದ ನಡೆಸುವ ಸ್ಟಾರ್ಟರ್ ಹಾಕಿಸಿದ. ಹಾಸಿಗೆಯಿಂದಲೇ ಫೋನ್ ಮಾಡಿದರೆ ‘ಮೋಟರ್ ಚಾಲೂ ಆಗಿದೆ’ ಎನ್ನುತ್ತದೆ. ಒಂದು ರಾತ್ರಿ ಹಾಗೆಯೇ ಅಂದಿತು, ಇವನು ನಿದ್ದೆ ಹೋದ. ಬೆಳಿಗ್ಗೆ ನೋಡಿದರೆ ಪೈಪು ಕೂಡಿಸಿದ ಕಡೆ ಬಿಚ್ಚಿ, ನೀರೆಲ್ಲ ಹಳ್ಳಕ್ಕೆ. ಮೋಟರ್ ಸುಳ್ಳು ಹೇಳಿರಲಿಲ್ಲ, ಪಾಪ. “ಭಾವ, ನೀರಿನ ವಿಷಯ ನಾನು ಅದನ್ನ ಕೇಳೇ ಇರಲಿಲ್ಲ,” ಎಂದ.

ದೂರ ಹೆಚ್ಚಿದಷ್ಟೂ ಕಾಯುವುದು ಹೆಚ್ಚು. ಚಂದ್ರನಿಂದ ಸುದ್ದಿ ಬರಲು ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಸಾಕು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರುವಾಗ ಹನ್ನೆರಡು ನಿಮಿಷಕ್ಕೂ ಹೆಚ್ಚು ಬೇಕಿತ್ತು. ಇಲ್ಲಿಂದ ‘ಎಂಜಿನ್ ಹಚ್ಚು’ ಎನ್ನುತ್ತ ಕೂತರೆ ನಡೆಯದು. ಮಾಡಬೇಕಾದ್ದನ್ನೆಲ್ಲ ಕೆಲವು ದಿನ ಮೊದಲೇ ಅದರ ಕಂಪ್ಯೂಟರಿಗೆ ಬರೆದು ಕಳಿಸಿದ್ದರು. ಸ್ವಲ್ಪ ಹೊತ್ತು ನೌಕೆ ಮಂಗಳನ ಹಿಂದೆ ಮರೆಯಾಗಿಯೂ ಇತ್ತು. ಪೀಣ್ಯದವರಿಗೆ ಆಗ ಇದ್ದದ್ದು ಕಾಯುವ ಕೆಲಸವೊಂದೇ.

2019ರ ಸೆಪ್ಟೆಂಬರಿನ ಆ ರಾತ್ರಿ ನೆನಪಿದೆಯೇ, ಹಿರಿಯರೇ? ಚಂದ್ರನ ನೆಲ ಹತ್ತಿರವಾದಾಗ ವಿಕ್ರಮ್‌ನಿಂದ ಉತ್ತರ ನಿಂತುಹೋಯಿತು. ಟಿ.ವಿ.ಯಲ್ಲಿ ಆ ಕೊಠಡಿಯ ಮೌನ ನೋಡಿ ನಮ್ಮ ಮನೆಯಲ್ಲೂ ಯಾರೂ ಮಾತಾಡಲಿಲ್ಲ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಇಳಿಯಿತು. ಆಗಲೂ ಕೊನೆಯ ನಿಮಿಷಗಳಲ್ಲಿ ಅದು ತಾನೇ ನೋಡಿಕೊಂಡು ಇಳಿದದ್ದು. ಉತ್ತರ ಕೈಗೆ ಬಂದ ಮೇಲೆ ಚಪ್ಪಾಳೆ.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಮೊಮ್ಮಗಳು ರಬ್ಬರಿನಿಂದ ಚಕ್ರ ಅಳಿಸಿದ್ದಳು. ಮನುಷ್ಯನನ್ನು ಹಾಳೆಯ ಮೂಲೆಯ ಒಂದು ಕೋಣೆಗೆ ಸಾಗಿಸಿ, ಕಿವಿಗೆ ಕೈ ಇಡಿಸಿದ್ದಳು. ಮೀಸೆ ಹಾಗೇ ಇತ್ತು.

“ತಾತ, ಆ ಮದುವೆ ಆಯ್ತಾ?”

“ಆಯ್ತಮ್ಮ. ನನಗೂ ಲಗ್ನಪತ್ರಿಕೆ ಕೊಟ್ಟಿದ್ರು.”

“ಹೋಗಿದ್ಯಾ?”

ರಜೆ ಸಿಗಲಿಲ್ಲ ಎಂದು ಆಗ ಗೌಡರಿಗೆ ಹೇಳಿ ಕಳಿಸಿದ್ದೆ. ರಜೆ ಕೇಳಿಯೇ ಇರಲಿಲ್ಲ ಎಂದು ಅವಳಿಗೆ ಹೇಳಿದೆ.